ಹಾಸ್ಯದವನಿಗೆ ಆಯೇರಿ ಇಲ್ಲ

ನಮ್ಮ ಅಪ್ಪ ನಾಟಕದಲ್ಲಿ ಹಾಸ್ಯ ಮಾಡುತ್ತಾನೆ. ಇದನ್ನು ಹೇಳಿದ ಕೂಡಲೇ ಎದುರಿಗಿದ್ದವರ ಮುಖ ಸಡಿಲಾಗುತ್ತದೆ. ಧಾರವಾಡದಲ್ಲಿ ನಾನು ಬಿ.ಎ. ಓದುವಾಗ ಹಾಸ್ಟೆಲಿನ ಹುಡುಗಿಯರು "ಹಂಗಾರ ನೀನೂ ಒಂದು ಜೋಕ್ ಹೇಳವಾ" ಅನ್ನುತ್ತಿದ್ದರು. ನಾನು ಹೇಳುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಜೋಕು ಹೇಳಲಿಕ್ಕೆ ನಾನು ಅಷ್ಟು ದೂರ ಹೋಗಿರಲಿಲ್ಲ.

ನಮ್ಮದು ನವಲಗುಂದ ತಾಲೂಕಿನ ಒಂದು ಹಳ್ಳಿ. ಅಪ್ಪ ಬೇರೆಯವರ ಹೊಲದಲ್ಲಿ ಹತ್ತಿ, ಜೋಳದ ಕೆಲಸ ಮಾಡಿಕೊಂಡು ಬಂದವನು. ಹರೆಯದಲ್ಲಿ ಊರ ನಾಟಕಕ್ಕೆ ಪರದೆ ಎಳೆಯುತ್ತಿದ್ದನಂತೆ. ಒಂದು ವರ್ಷ ಕಲಘಟಗಿ ಕಡೆಯಿಂದ ಬರಬೇಕಾಗಿದ್ದ ಹಾಸ್ಯ ಪಾತ್ರದವನು ಬರಲಿಲ್ಲ. ನಾಟಕದ ಮಾಸ್ತರರು ಅಪ್ಪನ ಕೈಯಿಂದ ಪರದೆಯ ಹಗ್ಗ ಕಸಿದುಕೊಂಡು, ಕಸಬರಿಗೆ ಕೊಟ್ಟು, ರಂಗದ ಮೇಲೆ ದೂಡಿದರು. "ಏನರ ಮಾತಾಡಲೇ, ಸುಮ್ಮನ ಮಾತ್ರ ನಿಂದರಬ್ಯಾಡ" ಎಂದರಂತೆ. ಅಪ್ಪ ಅವತ್ತು ಮಾತಾಡಲು ಶುರು ಮಾಡಿದವನು ಇನ್ನೂ ನಿಲ್ಲಿಸಿಲ್ಲ.

ಅವನ ಮಾತು ಎಲ್ಲಿಯೂ ಬರೆದಿರುವುದಿಲ್ಲ. ಬೇರೆ ಪಾತ್ರದವರಿಗೆ ಮಾಸ್ತರರು ತಿಂಗಳುಗಟ್ಟಲೆ ಮಾತು ಬಾಯಿಪಾಠ ಮಾಡಿಸುತ್ತಾರೆ. ಅಪ್ಪ ಕಟ್ಟೆಯ ಮೇಲೆ ಕುಳಿತು ಕೇಳುತ್ತಿರುತ್ತಾನೆ, ಅಷ್ಟೇ. ನಾಟಕದ ದಿನ ಯಾರು ಮಾತು ಮರೆಯುತ್ತಾರೋ, ಯಾವುದು ಕೈ ಕೊಡುತ್ತದೋ, ಅಲ್ಲಿ ಅವನು ಇರಬೇಕು. ಒಮ್ಮೆ ಧಣಿಯ ಪಾತ್ರದವನು ಕೂಗಾಡುವಾಗ ಹಚ್ಚಿದ ಮೀಸೆ ಉದುರಿತು. ಅಪ್ಪ ಅದನ್ನು ಎತ್ತಿಕೊಂಡು, ಧೂಳು ಝಾಡಿಸಿ, ಎರಡೂ ಕೈಯಿಂದ ಒಪ್ಪಿಸಿ, "ಧಣೀರ, ನಿಮ್ಮ ಸಿಟ್ಟು ಕೆಳಗ ಬಿದ್ದಿತ್ತು ನೋಡ್ರಿ" ಅಂದ. ಇನ್ನೊಮ್ಮೆ ಒಂದು ನಾಯಿ ರಂಗಕ್ಕೆ ಬಂತು. "ಸಾಹೇಬ್ರ, ನಿಮ್ಮ ಪ್ರವೇಶ ಎರಡನೇ ಅಂಕದಾಗ ಐತ್ರಿ, ಒಳಗ ಕುಂದರ್ರಿ" ಎಂದು ಅದನ್ನು ಮರ್ಯಾದೆಯಿಂದ ಕಳಿಸಿದ. ನಾನು ನೋಡಿದ್ದೇನೆ. ಏನೇ ಎದುರಿಗೆ ಬಂದರೂ ಅವನ ಕಣ್ಣು ಒಂದು ಕ್ಷಣ ಸಣ್ಣದಾಗುತ್ತದೆ, ಆಮೇಲೆ ಮಾತು ಬರುತ್ತದೆ.

ಊರು ಇದಕ್ಕೆ ಅವನಿಗೆ ಏನು ಕೊಟ್ಟಿತು? ನಗು ಕೊಟ್ಟಿತು ಅನ್ನುತ್ತಾರೆ. ನಮ್ಮ ಅಜ್ಜಿ ತೀರಿಕೊಂಡ ದಿನ, ಹೆಣ ಇನ್ನೂ ಅಂಗಳದಲ್ಲಿತ್ತು, ಒಬ್ಬಾತ ಅಪ್ಪನ ಭುಜ ತಟ್ಟಿ "ಇವತ್ತೂ ಒಂದು ಮಾತು ಒಗೀಲೇ, ಜನಾ ಭಾಳ ಅಳಾಕತ್ತಾರ" ಅಂದ. ನಾನು ಡಿಗ್ರಿ ಪಾಸಾದಾಗ ಚಹಾದಂಗಡಿಯಲ್ಲಿ ಕೇಳಿಬಂದ ಮಾತು: "ಹಾಸ್ಯದಾಂವನ ಮಗಳು ಬಿ.ಎ. ಆದ್ಲಂತ. ಇದೂ ಅವಂದ ಹಾಸ್ಯನೋ ಏನು?" ಅದನ್ನು ಅಪ್ಪನೇ ಮನೆಗೆ ಬಂದು ನಗುತ್ತ ಹೇಳಿದ. ನನಗೆ ಅನ್ನದ ತಟ್ಟೆ ಬೀಸಿ ಒಗೆಯಬೇಕು ಅನಿಸಿತ್ತು.

ನನ್ನ ಸಿಟ್ಟು ಪೂರ್ತಿ ತಿಳಿಯಬೇಕಾದರೆ ಆಯೇರಿಯ ವಿಷಯ ಹೇಳಬೇಕು. ನಮ್ಮ ಕಡೆ ನಾಟಕದ ನಡುವೆ ಪಾತ್ರದವರಿಗೆ ಬೀಗರು, ಬಿಜ್ಜರು ಆಯೇರಿ ಮಾಡುತ್ತಾರೆ. ನಾಟಕ ನಿಲ್ಲುತ್ತದೆ. ಸೋದರಮಾವ ಮೇಲೆ ಬರುತ್ತಾನೆ, ಕುಂಕುಮ ಹಚ್ಚುತ್ತಾನೆ, ರುಮಾಲು ಸುತ್ತುತ್ತಾನೆ, ಧೋತರ ಕೊಡುತ್ತಾನೆ. ಮೈಕಿನಲ್ಲಿ ಅವರ ಹೆಸರು, ಊರು, ಮನೆತನ ಹೇಳುತ್ತಾರೆ. ಆಮೇಲೆ ಮಾವ, ಆಮೇಲೆ ಗೆಳೆಯರ ಬಳಗ. ಅಷ್ಟು ಹೊತ್ತು ಜನ ಎದ್ದು ಹೋಗಬಾರದಲ್ಲ? ಅದಕ್ಕೆ ಹಾಸ್ಯದವನು ರಂಗದ ಅಂಚಿಗೆ ಬಂದು ಮಾತಾಡುತ್ತಿರಬೇಕು. ಅಂದರೆ ಹಿಂದೆ ಹೀರೋನ ತಲೆಗೆ ರುಮಾಲು ಏರುವಾಗ ಮುಂದೆ ನಮ್ಮಪ್ಪ ಆಳಿನ ವೇಷದ ಹರಿದ ಬನಿಯನ್ನಿನಲ್ಲಿ ಜನರನ್ನು ಹಿಡಿದು ಕೂಡಿಸಿರುತ್ತಾನೆ. ಅವನಿಗೆ ಮಾತ್ರ ಒಂದು ವರ್ಷವೂ ಯಾರೂ ಆಯೇರಿ ಮಾಡಿದ್ದಿಲ್ಲ.

ಬಿ.ಎಡ್. ಮುಗಿಸಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ನೌಕರಿ ಸಿಕ್ಕ ವರ್ಷ ನಾನು ತೀರ್ಮಾನ ಮಾಡಿದೆ. ಒಂದು ಸಲವಾದರೂ ಅಪ್ಪ ಆ ರಂಗದ ನಡುವೆ ನಿಂತು ಆಯೇರಿ ತೊಗೊಳ್ಳಬೇಕು. ಮಾಡುವವಳು ನಾನು. ಹುಬ್ಬಳ್ಳಿಗೆ ಹೋಗಿ ಕೆಂಪು ರುಮಾಲು ತಂದೆ, ಒಂದು ಜೋಡಿ ಧೋತರ ತಂದೆ. ಅಪ್ಪನಿಗೆ ಹೇಳಲಿಲ್ಲ.

ನಾಟಕದ ದಿನ ಮುಂಜಾನೆ ಕಮಿಟಿಯ ಹಿರಿಯರ ಹತ್ತಿರ ಹೋದೆ. ಆ ವರ್ಷದ ಹೀರೋ ಅವರ ತಮ್ಮನ ಮಗನೇ. ಪೆಂಡಾಲಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು.

"ಕಾಕಾ, ಆಯೇರಿ ಕರಿಯೂ ಮುಂದ ನಮ್ಮಪ್ಪಂದೂ ಒಂದು ಕರೀರಿ. ನಾ ಮಾಡತೀನಿ."

"ಯಾರಿಗೆ? ಹಾಸ್ಯದಾಂವಗ?" ಎಂದು ಅವರು ಬಾಜೂದವರ ಮುಖ ನೋಡಿದರು. "ಟೀಚರ್, ನಿಮ್ಮ ಮನಸ್ಸು ಚಲೋ ಐತ್ರಿ. ಆದ್ರ ಆ ಪದ್ಧತಿ ನಮ್ಮಲ್ಲಿ ಇಲ್ಲ."

"ಯಾಕಿಲ್ರಿ?"

"ಅಂವನ ಆಯೇರಿಗೆ ನಿಂತ್ರ ಜನಾ ಹಿಡಿಯೋರು ಯಾರವಾ? ಮನ್ಯಾಗ ಮಾಡ್ರಿ, ಬೇಕಾದಂಗ ಮಾಡ್ರಿ."

ಬಾಜೂದಾತ ನಗುತ್ತ, "ಧೋತರ ಉಟ್ಟು ಆಳಿನ ಪಾರ್ಟ್ ಹೆಂಗ ಮಾಡತಾನ್ರಿ ಮತ್ತ?" ಅಂದ.

ನಾನು ತಿರುಗಿ ಮನೆಗೆ ಬಂದೆ. ಓದಿದವಳು ನಾನು, ಆದರೆ ನಿಂತ ಜಾಗದಲ್ಲಿ ಮಾತು ಹುಟ್ಟಿಸುವುದು ನನಗೆ ಬರುವುದಿಲ್ಲ.

ಈಗ ರಾತ್ರಿ ಮೈಕು ಬೇಗ ಬಂದ್ ಆಗಬೇಕೆಂದು ನಮ್ಮೂರಲ್ಲಿ ನಾಟಕ ಇಳಿಹೊತ್ತಿಗೇ ಶುರುವಾಗುತ್ತದೆ. ಎರಡನೇ ಅಂಕದಲ್ಲಿ ಹೀರೋನ ಆಯೇರಿ ಬಂತು. ಸೋದರಮಾವ, ಮಾವ, ಅಣ್ಣತಮ್ಮರು. ಅಪ್ಪ ಅಂಚಿಗೆ ಬಂದು ಕಸಬರಿಗೆಯನ್ನೇ ಹೆಂಡತಿ ಮಾಡಿಕೊಂಡು ಅದರ ಜೊತೆ ಜಗಳ ತೆಗೆದ. ಜನ ಬಿದ್ದು ಬಿದ್ದು ನಕ್ಕರು. ಹೀರೋನ ತಲೆಯ ಮೇಲೆ ರುಮಾಲು ಒಂದರ ಮೇಲೊಂದು ಏರಿತು. ಆತನ ಮಾವನ ಮನೆತನವನ್ನು ಮೈಕಿನಲ್ಲಿ ಎರಡು ಸಲ ಹೇಳಿದರು.

ಅದು ಮುಗಿಯುತ್ತಲೇ ನಾನು ಯಾರನ್ನೂ ಕೇಳದೆ ರುಮಾಲು, ಧೋತರ ಹಿಡಿದು ರಂಗದ ಮೆಟ್ಟಿಲು ಹತ್ತಿದೆ.

ಅಪ್ಪ ನನ್ನನ್ನು ನೋಡಿದ. ಅವನ ಕಣ್ಣು ಸಣ್ಣದಾಯಿತು. ನಾಯಿ ಬಂದಾಗ ಆಗಿತ್ತಲ್ಲ, ಹಾಗೆಯೇ.

"ಧಣೀರ!" ಎಂದು ಕೂಗಿ ಹೀರೋನ ಬೆನ್ನ ಹಿಂದೆ ಅಡಗಿದ. "ಸಾಲಿ ಅಕ್ಕೋರು ಬಂದ್ರು! ಸಣ್ಣಾಂವಿದ್ದಾಗ ಅ ಆ ಕಲೀಲಾರದ ಓಡಿ ಬಂದಿದ್ನಿ, ಹುಡುಕ್ಕೋತ ಇಲ್ಲೀಮಟಾ ಬಂದಾರ್ರಿ!"

ಇಡೀ ಪೆಂಡಾಲು ನಕ್ಕಿತು. ಆ ದಿನದ ಎಲ್ಲಕ್ಕಿಂತ ದೊಡ್ಡ ನಗು ಅದು. ಅಪ್ಪ ಸಾಲಿ ಬಿಟ್ಟದ್ದು ನಿಜ, ಓಡಿ ಬಂದಿರಲಿಲ್ಲ, ದನ ಕಾಯಲು ಕಳಿಸಿದ್ದರು. ಆ ಮಾತು ಗೊತ್ತಿದ್ದವರೂ ನಕ್ಕರು. ನಾನು ಮೈಕಿನ ಹತ್ತಿರ ಹೋದೆ.

"ಅಪ್ಪಾ, ಇಲ್ಲಿ ಬಾ. ಸುಮ್ಮನ ನಿಂದರು."

"ಸುಮ್ಮನ ನಿಂದರಾಕ ಪಗಾರ ಬ್ಯಾರೆ ಆಕ್ಕೈತ್ರಿ ಅಕ್ಕೋರ!"

ಮತ್ತೆ ನಗು.

"ನಾ ಅಕ್ಕೋರಲ್ಲ. ನಿನ್ನ ಮಗಳು."

ನಗು ನಿಂತಿತು. ಮುಂದೆ ಕುಳಿತವರಲ್ಲಿ ನಿಂತಿತು, ಆಮೇಲೆ ಹಿಂದಿನವರಲ್ಲಿ. ಅಪ್ಪ ಹೀರೋನ ಬೆನ್ನ ಹಿಂದಿನಿಂದ ಬಂದು ನನ್ನ ಎದುರಿಗೆ ನಿಂತ. ಕಸಬರಿಗೆ ಕೈಯಲ್ಲೇ ಇತ್ತು. ಕುಂಕುಮ ಹಚ್ಚಿದೆ. ರುಮಾಲು ಸುತ್ತಲು ನನಗೆ ಸರಿಯಾಗಿ ಬರುತ್ತಿರಲಿಲ್ಲ, ಹೇಗೋ ಸುತ್ತಿದೆ. ಧೋತರ ಕೊಟ್ಟು ಕಾಲು ಮುಟ್ಟಿದೆ. ಮೈಕಿನಲ್ಲಿ ಅವನ ಹೆಸರನ್ನೂ ನಮ್ಮ ಓಣಿಯನ್ನೂ ನಾನೇ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನಿಂದ ಯಾರೋ "ಏ, ನಾಟಕ ಚಾಲೂ ಮಾಡ್ರಲೇ" ಅಂದರು. ಅಪ್ಪ ಬಾಯಿ ತೆರೆದ. ಮಾತು ಬರಲಿಲ್ಲ.

ಆ ಸಂಜೆ ಮುಂದೆ ಅವನು ಏನು ಹೇಳಿದರೂ ಜನ ನಗಲಿಲ್ಲ.

ಮರುದಿನ ಚಹಾ ಕುಡಿಯುವಾಗ ಅಪ್ಪ ನನ್ನ ಮುಖ ನೋಡದೆ ಹೇಳಿದ: "ನನ್ನ ಕೆಲಸ ಕೆಡಿಸಿದಿ. ನಗಿ ಎದ್ದಿತ್ತು. ಅದನ್ನ ನೀ ನಡುವ ಮುರದಿ."

"ಅದು ಕೆಲಸಲ್ಲಪಾ. ಅವರ ರುಮಾಲಿಗೆ ಕಾವಲು."

"ಕಾವಲೂ ಕೆಲಸನ. ನನಗ ಬರೂದು ಅದೊಂದ."

"ನನ್ನ ಮ್ಯಾಲೆ ಯಾಕ ಆಡಿದಿ ಮತ್ತ? ನಾಯಿ ಮ್ಯಾಲೆ ಆಡಿದಂಗ?"

ಅಪ್ಪ ಬಸಿ ಕೆಳಗಿಟ್ಟ. "ನಿನ್ನ ಇಳಸ್ತಾರ ಅಂತ ಗೊತ್ತಿತ್ತು" ಅಂದ. "ಯಾರರ ಕೈ ಹಿಡದು ಎಳಿಯೂಕಿಂತ ಮೊದಲು ನೀ ನಾಟಕದಾಗಿನಾಕಿ ಅಂತ ಮಾಡಬೇಕಿತ್ತು."

ನನ್ನ ಸಿಟ್ಟು ಇಳಿಯಲಿಲ್ಲ. ಇವತ್ತಿಗೂ ಇಳಿದಿಲ್ಲ. ಮಗಳನ್ನು ಉಳಿಸಲು ಒಬ್ಬ ಅಪ್ಪ ಮಗಳನ್ನೇ ನಗೆಗೆ ಒಡ್ಡಬೇಕಾಗುತ್ತದೆ ಎಂದರೆ, ಅಂಥ ರಂಗಕ್ಕೆ ಏನನ್ನಬೇಕು? ಎಷ್ಟೋ ದಿನ ನಾವಿಬ್ಬರೂ ಸರಿಯಾಗಿ ಮಾತಾಡಲಿಲ್ಲ. ನಾನು ರಜೆಗೂ ಊರಿಗೆ ಹೋಗುವುದನ್ನು ಕಡಿಮೆ ಮಾಡಿದೆ.

ಮುಂದಿನ ವರ್ಷ ನಾನು ಊರಲ್ಲಿದ್ದ ದಿನವೇ ಕಮಿಟಿಯ ಆ ಹಿರಿಯರು ಮನೆಗೆ ಬಂದರು. ನಮ್ಮ ಮನೆಯ ಒಳಗೆ ಬರಲಿಲ್ಲ, ಕಟ್ಟೆಗೆ ಕುಳಿತರು.

"ಈ ಸಲಾನೂ ಪಾರ್ಟ್ ನಿಂದ. ಬ್ಯಾರೆ ಊರಾಂವನ್ನ ನೋಡಿದ್ವಿ, ಬಿಗಿ ಇಲ್ಲ. ಟೀಚರನ್ನ ಮಾತ್ರ ಒಂಚೂರು ಸಮಾಧಾನ ಮಾಡಪಾ" ಎಂದು ನನ್ನ ಕಡೆ ನೋಡಿ ನಕ್ಕರು. ನಾನು ಬಾಗಿಲಲ್ಲಿ ನಿಂತಿದ್ದೆ. ನಗಲಿಲ್ಲ.

"ಬರತೀನ್ರಿ" ಅಂದ ಅಪ್ಪ. "ನನಗೇನೂ ಆಯೇರಿ ಬ್ಯಾಡ. ಆದ್ರ ಒಂದು ಮಾತು. ಇನ್ನ ಮ್ಯಾಲೆ ನಿಮ್ಮ ಆಯೇರಿ ನಡದಾಗ ನಾ ಒಳಗ ಕುಂದ್ರತೀನಿ. ಚಾ ಕುಡೀತೀನಿ."

ಹಿರಿಯರು ಹೊಟ್ಟೆ ಹಿಡಿದು ನಕ್ಕರು. ಜೊತೆಗೆ ಬಂದವರೂ ನಕ್ಕರು. "ನಿನ್ನ ಬಾಯಿ ನಿನ್ನದ ಬಿಡಲೇ!" ಎಂದು ಅಪ್ಪನ ತೊಡೆಗೆ ಹೊಡೆದರು.

ಅಪ್ಪ ಅವರ ನಗು ಮುಗಿಯುವವರೆಗೆ ಕಾದ. ನಂತರ ಅದೇ ಮಾತನ್ನು, ಅದೇ ದನಿಯಲ್ಲಿ, ಇನ್ನೊಂದು ಸಲ ಹೇಳಿದ.