ಹೆಬ್ಬೆಟ್ಟಿಗೂ ಮೊದಲಿನ ಪಾಠ

ನಮ್ಮ ಹೈಸ್ಕೂಲಿನಲ್ಲಿ ಹದಿಹರೆಯದವರ ಲೈಂಗಿಕ ಆರೋಗ್ಯದ ಪಾಠ ಹೇಗೆ ಉಳಿಯಿತೆಂದು ಯಾರನ್ನೇ ಕೇಳಿ, ಕಥೆ ಒಂದೇ. ಮಂಗೋರ್ ಹಿಲ್‌ನ ದಿಬ್ಬಕ್ಕೆ ಕನ್ನಡ ಸೀಮೆಯಿಂದ ಗಡಿ ದಾಟಿ ಕೂಲಿಗೆ ಬಂದ ತಾಯಂದಿರಿಗೆ ಓದು ಬರದಿದ್ದರೂ ತಿಳಿವಳಿಕೆ ದೊಡ್ಡದಂತೆ. ಮೊದಲ ವರ್ಷವೇ ಒಬ್ಬರೂ ತಪ್ಪದೆ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಕಳಿಸಿದರಂತೆ. ಕೇಳಲು ಚೆಂದವಾಗಿದೆ. ನನ್ನದು ಒಂದೇ ಆಕ್ಷೇಪ: ಆ ಪತ್ರವನ್ನು ಅವರಿಗೆ ಓದಿ ಹೇಳಿದವರು ಯಾರು?

ನಾವು, ಎಂಟನೆಯ ತರಗತಿಯ ಮಕ್ಕಳು. ಪತ್ರ ಇಂಗ್ಲಿಷಿನಲ್ಲಿತ್ತು. ರೇಷನ್ ಕಾರ್ಡಿನಿಂದ ಔಷಧಿ ಚೀಟಿಯವರೆಗೆ ಮನೆಯಲ್ಲಿ ನಾವು ಓದಿದ್ದೇ ಓದು. ಮುಟ್ಟು, ಗರ್ಭ, ಸೋಂಕು ಎಂದೆಲ್ಲ ಬರೆದದ್ದನ್ನು ರೊಟ್ಟಿ ಬಡಿಯುತ್ತಿದ್ದ ಅವ್ವನ ಮುಂದೆ ಓದುವುದಾದರೂ ಹೇಗೆ? “ಕಣ್ಣು ತಪಾಸಣಿ ಅಂತ ಬೇ” ಎಂದೆ. ಅವ್ವ ಹಿಟ್ಟಿನ ಕೈ ಒರೆಸಿಕೊಂಡು ಒತ್ತಿದಳು.

ಪಾಠ ಮಾತ್ರ ಒಳ್ಳೆಯದಾಗಿತ್ತು. ಜೀವಶಾಸ್ತ್ರದ ಟೀಚರ್ ಹಿಂದಿಯಲ್ಲಿ ನಿಧಾನವಾಗಿ ಹೇಳುತ್ತಿದ್ದರು, ಯಾವ ಪ್ರಶ್ನೆಗೂ ಮುಖ ಸಿಂಡರಿಸುತ್ತಿರಲಿಲ್ಲ. ತಿಂಗಳ ಹೊಟ್ಟೆನೋವು ನನಗೆ ಬಂದ ಯಾವುದೋ ರೋಗವೆಂದು ಒಂದು ವರ್ಷ ಒಳಗೊಳಗೇ ಹೆದರಿದ್ದೆ. ಆ ಹೆದರಿಕೆ ಒಂದೇ ಮಧ್ಯಾಹ್ನದಲ್ಲಿ ಹೋಯಿತು. ಹಾಗಾಗಿ ಮರುವರ್ಷ ಏಳನೆಯ ತರಗತಿಗೂ ಈ ಪಾಠ ಶುರುವಾಗುತ್ತದೆ ಎಂದಾಗ ನನಗೆ ಖುಷಿಯಾಯಿತು. ತಂಗಿ ಆಗ ಏಳರಲ್ಲಿದ್ದಳು; ನನ್ನ ಹಾಗೆ ಅವಳು ಹೆದರಬೇಕಾಗಿರಲಿಲ್ಲ.

ಹೊಸ ಪತ್ರಗಳು ಬಂದವು. ಮಕ್ಕಳು ಮತ್ತೆ ತಮಗೆ ತೋಚಿದ್ದನ್ನು ಓದಿದರು. ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡು ನಿಂತ ತಾಯಂದಿರು ಮಾತಿಗೆ ಮಾತು ಸೇರಿಸುವವರೆಗೆ ಎಲ್ಲ ಸರಿಯಿತ್ತು.

“ನಮ್ಮಾಕಿ ಸಾಲ್ಯಾಗ ಹಲ್ಲು ನೋಡ್ತಾರ ಅಂದ್ಲು.”

“ಎಲ್ಲಿ ಹಲ್ಲ್ರಿ? ಮೊಲೆಂ ಕಾಡಿಗೆ ಪಿಕ್ನಿಕ್ ಐತಂತ ನಮ್ಮಂವ ಹೇಳ್ಯಾನ. ಚಕ್ಕುಲಿ ಮಾಡಿಟ್ಟೇನಿ!”

ಅವ್ವ ಹೇಳಿದಳು: “ನಮ್ಮನ್ಯಾಗ ಎರಡು ವರ್ಷಾತು, ಕಣ್ಣ ನೋಡಾಕತ್ತಾರ. ಚಾಳೀಸು ಮಾತ್ರ ಇನ್ನೂ ಬಂದಿಲ್ಲ.”

ಅಷ್ಟು ಸಾಕಾಯಿತು. ನಾಲ್ವರು ಸೇರಿ ಪತ್ರವನ್ನು ಮೆಡಿಕಲ್ ಅಂಗಡಿಗೆ ಒಯ್ದರು. ಅಂಗಡಿಯವನು ಕಾಗದದಿಂದ ಮುಖ ಎತ್ತದೆ ಅರ್ಥ ಹೇಳಿದನಂತೆ.

ಭಾನುವಾರ, ಕೆಲಸಕ್ಕೆ ರಜೆಯಿದ್ದ ದಿನ, ತಾಯಂದಿರು ಮುಖ್ಯೋಪಾಧ್ಯಾಯಿನಿಗೆ ಹೇಳಿಕಳಿಸಿ, ನಮ್ಮನ್ನೂ ಎಳೆದುಕೊಂಡು ಶಾಲೆಗೇ ಬಂದರು. ಒಪ್ಪಿಗೆಯೇ ಸುಳ್ಳೆಂದ ಮೇಲೆ ಪಾಠ ನಿಲ್ಲಿಸದೆ ದಾರಿಯಿಲ್ಲ ಎಂದು ಮುಖ್ಯೋಪಾಧ್ಯಾಯಿನಿ ಹಣೆ ಒರೆಸಿಕೊಂಡರು. ನಾನು ಎದ್ದು ನಿಂತೆ. ಆ ವರ್ಷ ಶಾಲೆಗೆ ಚರ್ಚಾಸ್ಪರ್ಧೆಯ ಕಪ್ ತಂದವಳು ನಾನು.

“ಹುಡುಗಿ ದೊಡ್ಡಾಕಿ ಆದ್ಲಂದ್ರ ಹಸಿರು ಸೀರಿ ಉಡಿಸಿ, ಓಣಿ ಕರದು ಆರತಿ ಮಾಡ್ತೀರಿ. ಏನಾತು ಅಂತ ಇಡೀ ಓಣಿಗೆ ಗೊತ್ತಾಗಬೇಕು, ಯಾಕಾತು ಅಂತ ಆ ಹುಡುಗಿಗೆ ಗೊತ್ತಾಗಬಾರದೇನು?”

ವಾದದಲ್ಲಿ ಬಿರುಕಿರಲಿಲ್ಲ. ಈಗಲೂ ಇಲ್ಲ. ಆದರೆ ಚಕ್ಕುಲಿ ಮಾಡಿಟ್ಟಿದ್ದ ತಾಯಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಬಾಯಿ ಭಾಳ ಜೋರೈತಿ ಅಕ್ಕವ್ವಾ. ಸುಳ್ಳು ಓದಾಕಿನೂ ನೀನ, ನ್ಯಾಯ ಹೇಳಾಕಿನೂ ನೀನ? ನಾವು ಬ್ಯಾಡ ಅಂತೀವಂತ ನಿನಗ ಯಾರು ಹೇಳಿದ್ರು?”

ಯಾರೂ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ. ಕೂತುಕೊಂಡೆ. ಆಗ ಅವ್ವ ಎದ್ದಳು.

“ಪಾಠ ನಿಲ್ಲಿಸಬ್ಯಾಡ್ರಿ ಬಾಯಾರ. ಮೊದಲ ನಮಗ ಹೇಳ್ರಿ. ಚಲೋ ಅನಿಸಿದ್ರ ಒತ್ತತೀವಿ. ಕನ್ನಡದಾಗ ಬಿಡಿಸಿ ಹೇಳಾಕ ಈಕಿ ಅದಾಳಲ್ಲ.” ಅವಳ ಬೆರಳು ನನ್ನತ್ತ ಇತ್ತು.

ಮುಂದಿನ ಭಾನುವಾರ ತಾಯಂದಿರು ನಮ್ಮ ಬೆಂಚುಗಳಲ್ಲಿ ಮಂಡಿ ಮಡಚಿಕೊಂಡು ಕೂತರು. ಟೀಚರ್ ಚಿತ್ರಪಟಕ್ಕೆ ಕೋಲು ಇಟ್ಟು ಹಿಂದಿಯಲ್ಲಿ ಹೇಳಿದ ಒಂದೊಂದು ಮಾತನ್ನೂ ನಾನು, ಕಿವಿ ಕೆಂಪಾಗಿಸಿಕೊಂಡು, ಕನ್ನಡಕ್ಕೆ ತಂದೆ. “ಬಾಯಾರು ಖರೇ ಅದನ್ನ ಹೇಳಾಕತ್ತಾರೇನು? ನೋಡ್ಕೊ, ನಡುವ ಮತ್ತ ಹಲ್ಲು ತಪಾಸಣಿ ತಂದೀ!” ಎಂದು ಯಾರೋ ಅಂದರು, ಕೋಣೆಯೆಲ್ಲ ನಕ್ಕಿತು, ಟೀಚರಿಗೂ ಅರ್ಥ ಹೇಳಬೇಕಾಯಿತು. ಆಮೇಲೆ ಒಬ್ಬೊಬ್ಬರಾಗಿ ಬಂದು ಹೆಬ್ಬೆಟ್ಟು ಒತ್ತಿದರು. ತಂಗಿಗೆ ಪಾಠ ಸಿಕ್ಕಿತು. ಮುಂದೆ ಆ ಟೀಚರ್ ಬೇರೆ ಶಾಲೆಗೆ ಹೋದರು, ಮುಖ್ಯೋಪಾಧ್ಯಾಯಿನಿಯೂ ಬದಲಾದರು. ವರ್ಷದ ಮೊದಲ ಪಾಠ ತಾಯಂದಿರಿಗೇ ಎಂಬ ಪದ್ಧತಿ ಉಳಿಯಿತು. ಪಾಠ ಉಳಿದದ್ದೂ ಅದರಿಂದಲೇ, ಯಾರ ಹುಟ್ಟುತಿಳಿವಳಿಕೆಯಿಂದಲೂ ಅಲ್ಲ.

ಆ ದಿನ ಎಲ್ಲರೂ ಹೋದ ಮೇಲೆ ಅವ್ವ ನನ್ನನ್ನು ಬಾಗಿಲ ಹೊರಗೆ ನಿಲ್ಲಿಸಿ, ಕಟ್ಟಡದ ಕೆಲಸದಲ್ಲಿ ಕಲಿತ ಮುರುಕು ಹಿಂದಿಯಲ್ಲೇ ಟೀಚರನ್ನು ಏನೋ ಕೇಳಿದಳು. ಟೀಚರ್ ಅವಳ ಕೈ ಹಿಡಿದುಕೊಂಡು ಬಹಳ ಹೊತ್ತು ಮಾತಾಡಿದರು. ಹೊರಬಂದ ಅವ್ವ ದಿಬ್ಬದ ಮೆಟ್ಟಿಲುಗಳನ್ನು ಎಂದಿಗಿಂತ ಹಗುರಾಗಿ ಹತ್ತತೊಡಗಿದಳು. ನಾನು ಏದುಸಿರು ಬಿಡುತ್ತ ಹಿಂದೆ ಓಡಿದೆ.

“ಯವ್ವಾ, ನನ್ನ ಹೊರಗ ನಿಲ್ಲಿಸಿ ಟೀಚರಿಗೆ ಏನ್ ಕೇಳಿದಿ?”

“ಕಣ್ಣು ತಪಾಸಣಿ” ಎಂದು ಅವ್ವ ನಗುತ್ತ ಮುಂದಿನ ಮೆಟ್ಟಿಲು ಹತ್ತಿದಳು.