ದೊಡ್ಡ ಸ್ಟೆಪ್ನಿ ಮತ್ತು ನನ್ನ ಸೋಮವಾರಗಳು

ನನ್ನ ಮೈದುನ ಬಿಳಿ ಅಂಗಿಯ ಮೇಲೆ ಟೈರಿನ ಅಚ್ಚು ಒತ್ತಿಸಿಕೊಂಡು ನಿಂತಿದ್ದನ್ನು ನೆನೆದರೆ ಇವತ್ತಿಗೂ ನನಗೆ ಅನ್ನ ರುಚಿಯಾಗುತ್ತದೆ. ಇದು ಒಳ್ಳೆಯ ಗುಣವಲ್ಲ, ಗೊತ್ತು. ದೇವರ ಮುಂದೆಯೂ ಒಪ್ಪಿಕೊಂಡಿದ್ದೇನೆ. ಆದರೆ ಯಾಕೆ ಹಾಗಾಯಿತು ಎನ್ನುವುದನ್ನು ಮೊದಲಿನಿಂದ ಹೇಳಬೇಕು.

ನಮ್ಮನೆಯವರದು ಬೋರ್‌ವೆಲ್ ಮೋಟರ್ ರಿಪೇರಿ ಕೆಲಸ. ಹೊಲಕ್ಕೇ ಹೋಗಿ, ಕೆಟ್ಟ ಮೋಟರನ್ನು ಪೈಪಿನ ಸಮೇತ ಮೇಲೆತ್ತಿ, ಸರಿ ಮಾಡಿ ಇಳಿಸಿ ಬರಬೇಕು. ನಮ್ಮ ಕಡೆಯ ಎರೆಮಣ್ಣು ಒಂದು ಮಳೆ ಬಿದ್ದರೆ ಕಾಲಿನ ಚಪ್ಪಲಿಯನ್ನೇ ಬಿಡುವುದಿಲ್ಲ, ಇನ್ನು ಗಾಡಿಯನ್ನು ಬಿಟ್ಟೀತೆ? ಅದಕ್ಕೇ ಅವರು ನಾಲ್ಕೂ ಚಕ್ರ ಎಳೆಯುವ ಪಿಕಪ್ ತೊಗೊಂಡರು. ಅದೂ ಸಾಲದೆಂದು ಅದರ ಟೈರು ಬಿಚ್ಚಿಸಿ, ಹಲ್ಲು ಹಲ್ಲಿನ ದೊಡ್ಡ ಟೈರು ಹಾಕಿಸಿದರು. ಗಾಡಿ ಒಂದು ಗೇಣು ಮೇಲಕ್ಕೆ ಎದ್ದಿತು. ಸೀರೆ ಉಟ್ಟುಕೊಂಡು ಅದನ್ನು ಹತ್ತುವುದೇ ನನಗೆ ಒಂದು ತಪಸ್ಸಾಯಿತು. ಆದರೂ ಎಂಥ ಕೆಸರಿನಿಂದಲೂ ಮನುಷ್ಯನನ್ನು ಮನೆಗೆ ಮುಟ್ಟಿಸುತ್ತಿತ್ತು. ಅದು ದೇವರು ಕೊಟ್ಟದ್ದು ಅಂದುಕೊಂಡೆ.

ಟೈರು ಹಾಕಿದ ಭಾಯ್ ಅವತ್ತೇ ಒಂದು ಮಾತು ಹೇಳಿದ್ದರು. ಗಾಡಿಯ ಹೊಟ್ಟೆಯ ಕೆಳಗೆ ಸ್ಟೆಪ್ನಿ ನೇತುಹಾಕುವ ಜಾಗ ಇದೆಯಲ್ಲ, ಅದು ಕಂಪನಿಯ ಸಣ್ಣ ಟೈರಿನ ಅಳತೆಗೆ ಮಾಡಿದ್ದು. "ಅಕ್ಕಾವ್ರೆ, ಈ ಸೈಜು ಕೆಳಗ ಕೂಡಂಗಿಲ್ಲ. ಮ್ಯಾಲೆ ಡಾಲಾದಾಗೇ ಇಟ್ಕೊಬೇಕು. ಜಾಗ ತಿಂತೈತೆ ಅಂತ ಸಣ್ಣದು ಮಾತ್ರ ಒಯ್ಯಬ್ಯಾಡ್ರಿ. ಹೊಲದಾಗ ಮೂರು ದೊಡ್ಡದು ಒಂದು ಸಣ್ಣದು ಆದ್ರ ಗಾಡಿ ಕುಂಟತೈತೆ, ಸಣ್ಣದು ಹೂತು ಕುಂತಬಿಡತೈತೆ." ಡಾಲಾ ಅಂದರೆ ಹಿಂದೆ ಸಾಮಾನು ತುಂಬುವ ಜಾಗ. ಐದನೆಯ ದೊಡ್ಡ ಟೈರು ಅಲ್ಲಿ ಮಲಗಿದರೆ ಅರ್ಧ ಡಾಲಾ ಅದಕ್ಕೇ ಹೋಯಿತು. ಪೈಪುಗಳನ್ನು ಅದರ ಮೇಲೆ ಓರೆಯಾಗಿ ಹೊಂದಿಸಬೇಕಾಗಿತ್ತು. ನಮ್ಮನೆಯವರು ಗೊಣಗುತ್ತಲೇ ಒಯ್ಯುತ್ತಿದ್ದರು.

ಹಿಂದಿನ ವರ್ಷ ಅವರು ಪೈಪು ಎತ್ತುವಾಗ ಕಾಲು ಜಾರಿ ಬೆನ್ನಿನ ಮೇಲೆ ಬಿದ್ದರು. ಎರಡು ತಿಂಗಳು ಮಗ್ಗುಲು ಹೊರಳಿಸಲೂ ನಾನು ಬೇಕಾಗಿತ್ತು. ಆಗ ಹರಕೆ ಹೊತ್ತೆ: ಇವರು ತಮ್ಮ ಕಾಲ ಮೇಲೆ ನಿಂತರೆ ಹದಿನಾರು ಸೋಮವಾರ ತಪ್ಪದೆ ಹರಿಹರಕ್ಕೆ ಬಂದು ಸಂಜೆ ಮಂಗಳಾರತಿ ನೋಡಿ ಉಪವಾಸ ಬಿಡುತ್ತೇನೆ ಎಂದು. ನಿಂತರು, ನಡೆದರು, ಗಾಡಿ ಹೊಡೆದರು. ನಾನು ಸೋಮವಾರಗಳನ್ನು ಶುರುಮಾಡಿದೆ. ಅತ್ತೆ ಎರಡು ನಿಯಮ ಹೇಳಿಕೊಟ್ಟರು. ನಡುವೆ ಒಂದು ತಪ್ಪಿದರೂ ಮತ್ತೆ ಒಂದರಿಂದ ಎಣಿಸಬೇಕು. ಸೋಮವಾರದ ದಿನ ಯಾರಿಗೂ ಕೆಟ್ಟದ್ದು ಬಯಸಬಾರದು. ಎರಡನೆಯದು ಸುಲಭದ್ದು ಅಂತ ಆಗ ಅನ್ನಿಸಿತ್ತು.

ಹದಿಮೂರು ಸೋಮವಾರ ಹೂವೆತ್ತಿದಂತೆ ಆದವು. ಬಸ್ಸಿನಲ್ಲಿ ಹೋದೆ, ಮಳೆಯಲ್ಲಿ ಹೋದೆ, ಜ್ವರ ಬಂದ ದಿನ ಮಾತ್ರೆ ನುಂಗಿ ಹೋದೆ. ಹದಿನಾಲ್ಕನೆಯ ಸೋಮವಾರ ನಮ್ಮನೆಯವರಿಗೆ ಆನಗೋಡಿನ ಆಚೆ ಒಂದು ಹೊಲದಲ್ಲಿ ಕೆಲಸವಿತ್ತು. ಆನಗೋಡಿನಲ್ಲಿ ನನ್ನ ತವರು, ತವರಿನ ಹಿತ್ತಿಲಲ್ಲಿ ಬಿಲ್ವದ ಗಿಡ. ಹೋಗುವಾಗಲೇ ಬಿಲ್ವ ಕೊಯ್ದುಕೊಂಡು, ಕೆಲಸ ಮುಗಿದ ಮೇಲೆ ಹೊಲದಿಂದ ನೇರ ಹರಿಹರಕ್ಕೆ ಹೋಗುವುದೆಂದು ಇಬ್ಬರೂ ಹೊರಟೆವು.

ಈಗ ಮೈದುನನ ವಿಷಯ. ನಮ್ಮನೆಯವರ ತಮ್ಮ, ನಮ್ಮ ಮನೆಯ ಮಹಡಿಯ ಮೇಲೇ ಇರುವವನು. ಮದುವೆ, ನಿಶ್ಚಿತಾರ್ಥಗಳಿಗೆ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುತ್ತಾನೆ. ಮೈಕಿನವನು ಅಂದರೆ ಸಿಟ್ಟು, ಈವೆಂಟಿನವನು ಅನ್ನಬೇಕು. ಹಿಂದಿನ ದಿನ ಭಾನುವಾರ ಅಣ್ಣನ ಗಾಡಿ ಕೇಳಿ ಒಯ್ದಿದ್ದ. ಸೋಮವಾರ ಬೆಳಗ್ಗೆ ನಾನೇ ಕೇಳಿದೆ.

"ಸ್ಟೆಪ್ನಿ ಗಾಡ್ಯಾಗ ಐತೇನಪ್ಪ?"

"ಐತೆ ಅತ್ತಿಗೆ. ಆರಾಮ ಹೋಗಿ ಬರ್ರಿ. ನಿಮಗ್ಯಾಕ ಟೈರಿನ ಚಿಂತಿ, ನೀವು ಶಿವನ್ನ ನೋಡ್ಕೊಳ್ರಿ."

ಡಾಲಾದ ಮೇಲೆ ತಾಡಪಾಲು ಹೊದಿಸಿತ್ತು. ಎತ್ತಿ ನೋಡಲಿಲ್ಲ. ದೇವರ ಕೆಲಸಕ್ಕೆ ಹೊರಟಾಗ ಮನೆಯವರ ಮಾತನ್ನು ಅನುಮಾನಿಸಬಾರದು ಅಂದುಕೊಂಡೆ. ಅದೇ ತಪ್ಪಾಯಿತು.

ಕೆಲಸ ಮುಗಿಸಿ ಹೊಲದ ದಾರಿಯಲ್ಲಿ ಬರುವಾಗ, ಒಡ್ಡಿನ ಕಲ್ಲಿಗೆ ತಾಗಿ ಹಿಂದಿನ ಬಲಗಡೆಯ ಟೈರು ಮಗ್ಗುಲಿಗೇ ಹರಿಯಿತು. ಇವರು ಇಳಿದು ತಾಡಪಾಲು ಎತ್ತಿದರೆ ಪೈಪು, ಹಗ್ಗ, ಸರಪಳಿ ಎಲ್ಲ ಇವೆ, ದೊಡ್ಡ ಸ್ಟೆಪ್ನಿ ಇಲ್ಲ. ಬಗ್ಗಿ ನೋಡಿದರೆ ಗಾಡಿಯ ಹೊಟ್ಟೆಯ ಕೆಳಗೆ, ಗುಜರಿಗೆ ಹಾಕದೆ ಉಳಿಸಿದ್ದ ಹಳೆಯ ಸಣ್ಣ ಟೈರು ಸಾಧುವಿನಂತೆ ನೇತಾಡುತ್ತಿದೆ. ಸ್ಪೀಕರ್ ಪೆಟ್ಟಿಗೆಗಳು ಹಿಡಿಸಲಿಲ್ಲವೆಂದು ಮೈದುನ ದೊಡ್ಡದನ್ನು ಇಳಿಸಿ, ಸಣ್ಣದನ್ನು ಸಿಕ್ಕಿಸಿ, 'ಐತೆ' ಅಂದಿದ್ದ.

ಇವರು ಫೋನು ಮಾಡಿದರು. ಸ್ಪೀಕರಿಗೆ ಹಾಕಿದ್ದರಿಂದ ನನಗೂ ಕೇಳಿಸಿತು.

"ದೊಡ್ಡದು ಎಲ್ಲೈತಲೇ?"

"ನನ್ನ ಗೋಡೌನ್‌ನಾಗ ಐತಣ್ಣ. ಸಣ್ಣದು ಹಾಕ್ಕೊಂಡು ಬಾ, ಏನಾಗತೈತೆ? ಚಕ್ರ ಅಂದ್ರ ಚಕ್ರ."

ಭಾಯ್ ಹೇಳಿದ್ದು ಅಕ್ಷರ ತಪ್ಪದೆ ಆಯಿತು. ಸಣ್ಣ ಚಕ್ರ ಹಾಕಿದ ಮೇಲೆ ಗಾಡಿ ಕುಂಟನಂತೆ ಒಂದು ಕಡೆ ವಾಲಿತು. ನೂರು ಹೆಜ್ಜೆ ಹೋಗುವುದರೊಳಗೆ ಆ ನುಣುಪು ಟೈರು ಎರೆಯಲ್ಲಿ ಗರಗರ ತಿರುಗಿ ಅಚ್ಚಿನ ತನಕ ಹೂತುಕೊಂಡಿತು. ನಾನು ಬ್ಯಾಡ ಬ್ಯಾಡ ಅನ್ನುತ್ತಿದ್ದರೂ ಇವರು ಹಿಂದೆ ಹೋಗಿ ಬೆನ್ನು ಕೊಟ್ಟು ನೂಕಿದರು. ಎರಡು ಸಲ ನೂಕಿದರು. ಮೂರನೆಯ ಸಲಕ್ಕೆ 'ಅವ್ವಾ' ಅಂದು ಹಾಗೇ ಕೆಸರಿನಲ್ಲಿ ಮೊಣಕಾಲೂರಿದರು.

ಟ್ರ್ಯಾಕ್ಟರ್ ಬಂದು ಗಾಡಿ ಎಳೆಯುವ ಹೊತ್ತಿಗೆ ಹರಿಹರದಲ್ಲಿ ಮಂಗಳಾರತಿ ಮುಗಿದಿತ್ತು. ಬಿಲ್ವದ ಬುಟ್ಟಿ ನನ್ನ ತೊಡೆಯ ಮೇಲೆಯೇ ಬಾಡಿತು. ಇವರನ್ನು ಕೆಸರಿನಲ್ಲಿ ಬಿಟ್ಟು ನಾನೊಬ್ಬಳೇ ಬಸ್ಸು ಹಿಡಿದು ಹೋಗಬಹುದಿತ್ತೇನೋ. ಹೋಗಲಿಲ್ಲ. ಅದಕ್ಕೆ ಶಿವನೂ ಒಪ್ಪುತ್ತಿರಲಿಲ್ಲ. ಮುಂದೆ ಹನ್ನೆರಡು ದಿನ ಇವರು ಹಾಸಿಗೆ ಹಿಡಿದರು. ಡಾಕ್ಟರು ಭಾರ ಎತ್ತಲೇಬಾರದು ಎಂದರು. ಎಲುಬಿಗೆ ಏನೂ ಆಗಲಿಲ್ಲ, ಅದೊಂದು ದಯೆ. ಆದರೆ ನನ್ನ ಹದಿಮೂರು ಸೋಮವಾರ ನೀರಿಗೆ ಹೋದವು.

ಇಷ್ಟಕ್ಕೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ನನ್ನ ಮೈದುನ ಅಣ್ಣನ ಮಂಚದ ಪಕ್ಕ ನಿಂತು ಮೊಬೈಲು ಒತ್ತುತ್ತ, ನನ್ನ ಮುಖ ನೋಡಿ ನಕ್ಕ.

"ಯಾಕ ಅಳ್ತೀರಿ ಅತ್ತಿಗೆ? ಶಿವ ಏನ್ ಊರು ಬಿಟ್ಟು ಹೊಕ್ಕಾನ? ಮತ್ತ ಒಂದರಿಂದ ಶುರು ಮಾಡಿದ್ರಾತು. ನಿಮಗೂ ಮನ್ಯಾಗ ಬ್ಯಾರೆ ಏನ್ ಕೆಲಸ ಐತೆ?"

ತಪ್ಪಾಯಿತು ಅನ್ನುವ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ನಾನು ಒಳಗೆ ಹೋಗಿ ದೀಪದ ಬತ್ತಿ ಏರಿಸಿದೆ. 'ಸ್ವಾಮಿ, ಇವನು ಆ ಟೈರನ್ನು ನಾಲ್ಕು ಜನರ ಮುಂದೆ ತನ್ನ ಕೈಯಾರೆ ಎತ್ತುವಂತೆ ಮಾಡು. ನಿನ್ನಿಂದ ಆಗದಿದ್ದರೆ ಹೇಳು, ನಾನು ನೋಡಿಕೊಳ್ಳುತ್ತೇನೆ' ಅಂದೆ.

ಇವರು ಎದ್ದು ಓಡಾಡುವಂತಾದ ಮೇಲೆ ಗಾಡಿಯನ್ನು ಭಾಯ್ ಅಂಗಡಿಗೆ ಒಯ್ಯಿಸಿದೆ. ಹರಿದ ಟೈರಿನ ಜಾಗಕ್ಕೆ ಹೊಸದು ಹಾಕಿಸಿ, ಗೋಡೌನಿನಿಂದ ತರಿಸಿದ ದೊಡ್ಡ ಸ್ಟೆಪ್ನಿ ಕ್ಯಾಬಿನ್ನಿನ ಹಿಂದೆ ನಿಂತುಕೊಳ್ಳುವ ಹಾಗೆ ಕಬ್ಬಿಣದ ಸ್ಟ್ಯಾಂಡು ಮಾಡಿಸಿದೆ. ಟೈರಿನ ನಡುವಿನ ತೂತಿನಲ್ಲಿ ಒಂದು ಉದ್ದ ಬೋಲ್ಟು, ಅದಕ್ಕೊಂದು ಬೀಗ. ಭಾಯ್ ಕೇಳಿದರು, "ಬೀಗ ಯಾಕ್ರೀ ಅಕ್ಕಾವ್ರೆ, ಇಷ್ಟು ಭಾರದ್ದು ಯಾರು ಕದಿತಾರ?"

"ಹೊರಗಿನವ್ರು ಕದಿಯಂಗಿಲ್ಲ ಭಾಯ್. ಮನ್ಯಾಗಿನವ್ರಿಗೆ ಹಾಕ್ಸೀನಿ."

ಕೀಲಿ ನನ್ನ ಸೊಂಟಕ್ಕೆ ಬಂತು. ಮುಂದಿನ ಭಾನುವಾರವೇ ಮೈದುನ ಬಂದ. "ಅತ್ತಿಗೆ, ಆ ಟೈರು ಇಳಿಸಿಕೊಡ್ರಿ, ನನ್ನ ದೊಡ್ಡ ಪೆಟಿಗಿ ಹಿಡಿಯಂಗಿಲ್ಲ." "ಎರಡು ಟ್ರಿಪ್ ಹೊಡಿಯಪ್ಪ" ಅಂದೆ. "ಎರಡು ಟ್ರಿಪ್ಪಿಗೆ ಟೈಮ್ ಎಲ್ಲೈತಿ?" "ಒಂದರಿಂದ ಶುರು ಮಾಡು, ಎರಡಾಗತೈತೆ." ಅವನು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದ. ಆ ನೋಟ ನನಗೆ ಒಂದು ಲೋಟ ಬೆಲ್ಲದ ಚಹಾದಂತೆ ಇಳಿಯಿತು. ಆದರೆ ಹೊಟ್ಟೆ ತುಂಬಲಿಲ್ಲ.

ಸೋಮವಾರಗಳು ಮತ್ತೆ ಒಂದರಿಂದ ಶುರುವಾಗಿದ್ದವು. ಒಂಬತ್ತನೆಯ ಸೋಮವಾರ ಹರಿಹರದ ಒಂದು ಕಲ್ಯಾಣ ಮಂಟಪದಲ್ಲಿ ಮೈದುನನಿಗೆ ನಿಶ್ಚಿತಾರ್ಥದ ಆರ್ಡರ್ ಇತ್ತು. ಸಾಮಾನನ್ನು ಬೇರೆ ಗಾಡಿಯಲ್ಲಿ ಒಯ್ದಿದ್ದ. ಮಧ್ಯಾಹ್ನ ಅಣ್ಣನಿಗೆ ಫೋನು ಮಾಡಿ, ಒಂದು ವಯರಿನ ಸುರುಳಿ ಮನೆಯಲ್ಲೇ ಉಳಿದಿದೆ, ಅದಿಲ್ಲದಿದ್ದರೂ ನಡೆಯುತ್ತದೆ, ಹೆಂಗೂ ಅತ್ತಿಗೆ ಗುಡಿಗೆ ಬರುತ್ತಾರಲ್ಲ, ತಂದುಕೊಡಿ ಅಂದ.

ದೇವರ ಕೆಲಸ ಮೊದಲು, ನನ್ನ ಕೆಲಸ ಆಮೇಲೆ. ಸಂಜೆ ಹೊಳೆಯಲ್ಲಿ ಕಾಲು ತೊಳೆದು ಗುಡಿಗೆ ಹೋದೆವು. ಮಂಗಳಾರತಿ ಕಣ್ತುಂಬ ನೋಡಿದೆ. ನಮ್ಮ ಹರಿಹರೇಶ್ವರ ಬಲಗಡೆ ಶಿವ, ಎಡಗಡೆ ವಿಷ್ಣು. ಸೋಮವಾರದ ಹರಕೆ ಶಿವನದು. ಅದಕ್ಕೇ ಬಲಗಡೆ ನೋಡುತ್ತ ಇವರ ಬೆನ್ನಿನ ಮಾತಾಡಿದೆ, ಎಡಗಡೆ ತಿರುಗಿ ಮೈದುನನ ಮಾತಾಡಿದೆ. ಇಬ್ಬರೂ ಒಂದೇ ಮೈಯಲ್ಲಿದ್ದಾರೆ ಎನ್ನುವುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಮಂಟಪದ ಮುಂದೆ ಗಾಡಿ ನಿಲ್ಲಿಸಿ, ಇವರು ವಯರು ಕೊಡಲು ಒಳಗೆ ಹೋದರು. ನಾನು ಇಳಿದೆ. ಮಂಟಪದ ಬಾಗಿಲಿಗೆ ಕಾಣದ ಕಡೆಯ ಚಕ್ರದ ಹತ್ತಿರ, ಸೆರಗಿನಲ್ಲಿ ಹೂವು ಇಟ್ಟುಕೊಂಡು ಕಟ್ಟುವವಳಂತೆ ಕುಕ್ಕರಗಾಲಿನಲ್ಲಿ ಕೂತೆ. ವಾಲ್ವಿನ ಟೊಪ್ಪಿಗೆ ತಿರುವಿ, ತಲೆಯ ಪಿನ್ನು ತೆಗೆದು, ಒಳಗಿನ ಸೂಜಿಯನ್ನು ಒತ್ತಿ ಹಿಡಿದೆ. ಅಷ್ಟು ದೊಡ್ಡ ಟೈರಿನ ಗಾಳಿ ಬೇಗ ಹೋಗುತ್ತದೆಯೇ? ಎಷ್ಟು ಹೊತ್ತು ಹಿಡಿಯಬೇಕೆಂದು ತಿಳಿಯದೆ 'ಓಂ ನಮಃ ಶಿವಾಯ' ಎಣಿಸತೊಡಗಿದೆ. ನೂರೆಂಟಕ್ಕೆ ಅರ್ಧ ಇಳಿದಿತ್ತು. ಇನ್ನೂ ನೂರೆಂಟು ಎಣಿಸಿದೆ. ಚಕ್ರ ನೆಲಕ್ಕೆ ಕೂತಿತು.

ಇವರು ಹೊರಗೆ ಬಂದವರು ನೋಡಿ, "ಅಯ್ಯೋ ಶಿವನೇ" ಎನ್ನುತ್ತ ಸ್ಟೆಪ್ನಿಗೆ ಕೈ ಚಾಚಿದರು.

"ಕೈ ಹಚ್ಚಬ್ಯಾಡ್ರಿ. ಡಾಕ್ಟ್ರು ಏನಂದಾರ? ನಿಮ್ಮ ತಮ್ಮನ್ನ ಕರೀರಿ."

"ಅವ ಕೆಲಸದಾಗ ಅದಾನ."

"ನಿಮ್ಮ ಬೆನ್ನಿಗಿಂತ ದೊಡ್ಡ ಕೆಲಸಾ?"

ಮೈದುನ ಬಂದ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪ್ಯಾಂಟು. ಮಂಟಪದ ಮೆಟ್ಟಿಲ ಮೇಲೆ ಬೀಗರು, ಮುದುಕಿಯರು, ಹೆಣ್ಣುಮಕ್ಕಳು ಗಾಳಿಗೆ ನಿಂತಿದ್ದರು. ನಾನು ಸೊಂಟದ ಕೀಲಿ ತೆಗೆದುಕೊಟ್ಟೆ.

"ಅತ್ತಿಗೆ, ಯಾರನ್ನಾರ ಕರಸ್ತೀನಿ."

"ಯಾಕಪ್ಪ? ಚಕ್ರ ಅಂದ್ರ ಚಕ್ರ. ಎತ್ತು."

ಗಾಡಿ ಎತ್ತರ, ಸ್ಟ್ಯಾಂಡು ಇನ್ನೂ ಎತ್ತರ. ಟೈರು ಒಂದೂವರೆ ಅಕ್ಕಿ ಚೀಲದ ಭಾರ. ಅವನು ಅದನ್ನು ಎದೆಗೆ ಅವುಚಿಕೊಂಡು ಇಳಿಸದೆ ಬೇರೆ ದಾರಿಯೇ ಇರಲಿಲ್ಲ. ಇಳಿಸಿ ನೆಟ್ಟಗೆ ನಿಂತಾಗ ಕೊರಳಿಂದ ಹೊಟ್ಟೆಯ ತನಕ ಕರಿ ಹಲ್ಲುಗಳ ಸಾಲು ಮೂಡಿತ್ತು. ಮೆಟ್ಟಿಲ ಮೇಲಿನ ಒಬ್ಬ ಮುದುಕಿ ಜೋರಾಗಿಯೇ ಕೇಳಿದಳು: "ಏ ಯವ್ವಾ, ಇವ ಮೈಕಿನವನಲ್ಲೇನ? ಪಂಚರೂ ತಿದ್ದತಾನೇನ?" ಹೆಣ್ಣುಮಕ್ಕಳು ಕಿಸಕ್ಕನೆ ನಕ್ಕರು. ನಾನು ನಗಲಿಲ್ಲ. ನಟ್ಟುಗಳನ್ನು ಸೆರಗಿನಲ್ಲಿ ಹಿಡಿದುಕೊಂಡು, ಒಂದೊಂದಾಗಿ ಅವನ ಕೈಗೆ ಕೊಟ್ಟೆ. ಮಂಡಿಯೂರಿ ಕೂತು ಬಿಗಿ ಮಾಡುವಾಗ ಅವನ ಬೆವರು ನೆಲಕ್ಕೆ ತೊಟ್ಟಿಕ್ಕಿತು.

ಮರುದಿನ ಭಾಯ್, ಬಿಚ್ಚಿದ್ದ ಟೈರಿಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತಿರುಗಿಸಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. ನಮ್ಮನೆಯವರೂ ಮೈದುನನೂ ಅಲ್ಲೇ ನಿಂತಿದ್ದರು. ಭಾಯ್ ನನ್ನ ಮುಖ ನೋಡಿದರು. ನಾನು ಹೊರಗೆ ಹೋಗುತ್ತಿದ್ದ ಬಸ್ಸು ನೋಡಿದೆ.

"ಮುಳ್ಳು ಭಾಳ ಸಣ್ಣದಿತ್ತು, ತಗದೀನಿ" ಅಂದರು ಭಾಯ್. ದೇವರು ಆ ಮನುಷ್ಯನ ಮಕ್ಕಳನ್ನು ಚೆನ್ನಾಗಿಟ್ಟಿರಲಿ.

ಮೈದುನನಿಗೆ ನಾಲ್ಕು ದಿನ ಸೊಂಟ ಹಿಡಿಯಿತು. ಬಿಸಿನೀರಿನ ಚೀಲ ನಾನೇ ತುಂಬಿಕೊಟ್ಟೆ. ಮೂರನೆಯ ದಿನ, ಗೋಡೆಯ ಕಡೆ ಮುಖ ಮಾಡಿಕೊಂಡೇ, "ಅಣ್ಣಗ ಹಿಂಗೇ ನೋಯ್ತಿತ್ತೇನ್ರಿ?" ಅಂತ ಕೇಳಿದ. "ಇದರ ಹತ್ತರಷ್ಟು" ಅಂದೆ. ಆ ಪ್ರಶ್ನೆಯನ್ನು ನಾನು ಕ್ಷಮಾಪಣೆ ಎಂದು ತೊಗೊಳ್ಳಲಿಲ್ಲ. ಬಾಯಿ ಬಿಟ್ಟು ಹೇಳಿದರೆ ತೊಗೊಳ್ಳುತ್ತೇನೆ.

ಅಷ್ಟರಲ್ಲಿ ಅತ್ತೆ ಅಡುಗೆಮನೆಯಲ್ಲಿ ನನ್ನನ್ನು ಹಿಡಿದರು. ಅವರಿಗೆ ಕಣ್ಣು ಮಂಜಾಗಿದೆ, ಮೂಗು ಚುರುಕಾಗಿದೆ.

"ಟೈರಿನ ಗಾಳಿ ನೀನೇ ಬಿಟ್ಟೆಲ್ಲ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೂಂ ಅಂದೆ.

"ಛಲೋ ಮಾಡಿದಿ. ಅವಗ ಬೇಕಾಗಿತ್ತು." ಆಮೇಲೆ ಬೆರಳು ಮಡಚುತ್ತ ಕೇಳಿದರು, "ಆದ್ರ ಅವತ್ತು ವಾರ ಯಾವುದು?"

ನಾನು ಹಿಟ್ಟು ನಾದುವುದನ್ನು ನಿಲ್ಲಿಸಿದೆ. ಸೋಮವಾರ. ಕೆಟ್ಟದ್ದು ಬಯಸಬಾರದ ದಿನ, ಬಯಸಿದ್ದಷ್ಟೇ ಅಲ್ಲ, ಪಿನ್ನು ಹಿಡಿದು ಮಾಡಿಯೂ ಬಿಟ್ಟಿದ್ದೆ. ಅದೂ ಶಿವನ ಹೆಸರು ಎಣಿಸುತ್ತ. ಮೈದುನ ಕೆಡಿಸಿದ್ದು ಹದಿಮೂರು ವಾರ, ನಾನಾಗಿ ಕೆಡಿಸಿಕೊಂಡದ್ದು ಒಂಬತ್ತು.

ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅತ್ತೆಯೂ, "ನಾ ಏನೂ ಕೇಳಿಲ್ಲ ಬಿಡು" ಅಂದರು. ಆದರೆ ಹರಕೆ ಹೊತ್ತದ್ದು ಅತ್ತೆಗಲ್ಲ. ಇವರ ಬೆನ್ನು ಆ ಎಣಿಕೆಯ ಮೇಲೆ ನಿಂತಿದೆ ಎಂದು ನಂಬಿದವಳು ನಾನು. ಎಣಿಕೆಯಲ್ಲಿ ಕಳ್ಳತನ ಮಾಡಿ, ನಾಳೆ ಇವರು ಒಂದು ಸಲ ನರಳಿದರೆ ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ? ಮುಂದಿನ ಸೋಮವಾರ ಗುಡಿಯಲ್ಲಿ ನಿಂತು ನಡೆದದ್ದೆಲ್ಲ ಹೇಳಿದೆ, ಈ ಸಲ ನೇರ ಮುಂದೆ ನೋಡಿ. ಪಶ್ಚಾತ್ತಾಪ ಆಗಿದೆ ಎಂದು ಮಾತ್ರ ಹೇಳಲಿಲ್ಲ. ಆಗಿರಲಿಲ್ಲ. "ಇದನ್ನ ಒಂದು ಅಂತ ಬರಕೋ ಸ್ವಾಮಿ" ಅಂದು ಕೈಮುಗಿದೆ.

ಹೊರಗೆ ಬಂದಾಗ ಇವರು, "ಹತ್ತಾತಲ್ಲ, ಇನ್ನಾರು ಉಳಿದವು" ಅಂದರು. "ಹದಿನೈದು" ಅಂದೆ. ಯಾಕೆಂದು ಕೇಳಿದರು. ಹೆಂಗಸರ ಲೆಕ್ಕ ಅಂದುಬಿಟ್ಟೆ. ನಿಜವಾದ ಕಾರಣ ಇದನ್ನು ಓದಿದಾಗ ಅವರಿಗೆ ತಿಳಿಯುತ್ತದೆ.

ಈಗ ಮೂರನೆಯ ಸಲದ ಹನ್ನೊಂದು ಮುಗಿದಿವೆ. ಇವರು ನೆಟ್ಟಗೆ ನಡೆಯುತ್ತಿದ್ದಾರೆ, ಮಳೆಯೂ ಹದವಾಗಿದೆ. ಮೈದುನ ಹೋದ ವಾರ ಮತ್ತೆ ಏನೋ ಒಂದು ಅಂದ. ಅವತ್ತು ಸೋಮವಾರ, ಕೇಳಿಸದವಳಂತೆ ಒಳಗೆ ಹೋದೆ. ಮಂಗಳವಾರ ಬೆಳಗ್ಗೆ ಬೇಗ ಎದ್ದೆ.