ತನ್ನ ಪುಟವನ್ನು ತಾನೇ ಅಳಿಸಿದ ನಯಾಜ್ ಭಾಯ್

ನಂಬಲಿಲ್ಲ…
ಬೆಳಿಗ್ಗೆ ಹುಣಸೂರಿನಿಂದ ಫೋನ್ ಬಂದಾಗ ನಿಜಕ್ಕೂ ನಂಬಲಿಲ್ಲ.
ಕಟ್ ಮಾಡಿ, ಇನ್ನೊಬ್ಬರಿಗೆ ಫೋನ್ ಹಚ್ಚಿ ಕೇಳಿದೆ.
ಯಾವ ಸುದ್ದಿಗೂ ಒಂದು ಆಧಾರ ಸಾಲದು, ಎರಡು ಬೇಕು ಅಂತ ನನಗೆ ಕಲಿಸಿದವರೇ ನಯಾಜ್ ಭಾಯ್.
ಎರಡನೆಯವರೂ ಅದನ್ನೇ ಹೇಳಿದರು…
ಹಾರ್ಟ್ ಅಟ್ಯಾಕ್. ಅಂಗಡಿ ಬಾಗಿಲು ತೆಗೆದು ಕೂತಲ್ಲೇ.

ಮಧ್ಯಾಹ್ನ ಮಣ್ಣು ಕೊಟ್ಟು, ಈಗಷ್ಟೇ ಮಿರ್ಲೆಗೆ ವಾಪಸ್ ಬಂದೆ.
ಊಟ ಸೇರುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ…
ನಯಾಜ್ ಭಾಯ್ ಹುಣಸೂರಿನ ಬಡಗಿ. ಬಾಗಿಲು, ಕಿಟಕಿ, ಮಂಚ.
ಕೆಲಸ ಮುಗಿದ ಮೇಲೆ ಫೋನ್ ಹಿಡಿದು ಕೂರುತ್ತಿದ್ದರು. ಇಂಟರ್ನೆಟ್ಟಿನ ಕನ್ನಡ ವಿಶ್ವಕೋಶಕ್ಕೆ ಬಿಟ್ಟಿ ದುಡಿಮೆ.
ಅಲ್ಲಿ ಕ್ರಿಕೆಟಿಗರ ಪುಟಗಳನ್ನು ನೋಡಿಕೊಳ್ಳುತ್ತಿದ್ದವರು ನಾವಿಬ್ಬರೇ.
ಯಾರ ಹೆಸರಲ್ಲಿ ಪುಟ ಇರಬೇಕು, ಯಾರದ್ದು ತೆಗೆಯಬೇಕು ಅಂತ ದಿನಾ ಜಗಳ.
ಹೈಸ್ಕೂಲ್ ಮೇಷ್ಟ್ರು ನಾನು, ಬರೆಯುವವನು. ಅವರು ಅಳಿಸುವವರು!

ನಾವು ಪಾಲಿಸುತ್ತಿದ್ದ ನಿಯಮ ಸರಳ.
ರಾಜ್ಯ ತಂಡದ ಹನ್ನೊಂದರಲ್ಲಿ ಒಂದು ಪಂದ್ಯವಾದರೂ ಆಡಿರಬೇಕು… ಇಲ್ಲವೇ ಪತ್ರಿಕೆಗಳು ಆ ಆಟಗಾರನ ಬಗ್ಗೆ ವಿವರವಾಗಿ ಬರೆದಿರಬೇಕು.
ಹಾಗಾಗಿ ಒಂದೇ ಪಂದ್ಯ ಆಡಿ ಸೊನ್ನೆಗೆ ಔಟಾದವರಿಗೂ ಪುಟ ಇದೆ.
ಎಚ್.ಡಿ. ಕೋಟೆ ಕಡೆಯ ಎನ್. ಬೇಗೂರಿನ ಸಿದ್ದರಾಜುವಿಗೆ ಇಲ್ಲ. ಆತನ ಬೌಲಿಂಗ್ ಅಂದರೆ ನಾಲ್ಕು ತಾಲ್ಲೂಕಿನ ಬ್ಯಾಟ್ಸ್‌ಮನ್‌ಗಳಿಗೆ ನಡುಕ ಹುಟ್ಟುತ್ತಿತ್ತು.

ಸಿದ್ದರಾಜು ಪುಟವನ್ನು ಭಾಯ್ ತೆಗೆಸಿದಾಗ ಬೇಗೂರಿನ ಹುಡುಗರು ಬೈಕ್ ಹತ್ತಿಕೊಂಡು ಅಂಗಡಿಗೇ ಬಂದಿದ್ದರು. ನಾನೂ ಅಲ್ಲಿದ್ದೆ.
"ನಮ್ ಸಿದ್ರಾಜಣ್ಣನ್ ಪುಟ ಯಾಕ್ ತೆಗುದ್ರಿ? ಅವ್ನ್ ಬಾಲ್‌ಗೆ ಸ್ಟಂಪ್ ಮುರ್ದೋಗೋದ್ ನೋಡಿಲ್ವಾ ನೀವು?"
"ಕೂತ್ಕೊಳ್ರಪ್ಪಾ, ಟೀ ಕುಡೀರಿ. ಒಂದು ಪೇಪರ್ ಕಟಿಂಗ್ ತನ್ನಿ ಸಾಕು… ನಾನೇ ವಾಪಸ್ ಹಾಕ್ತೀನಿ."
ಹಳ್ಳಿಯ ಟೂರ್ನಮೆಂಟಿಗೆ ಯಾವ ಪತ್ರಿಕೆಯವರು ಬಂದಿದ್ದರು? ಕಟಿಂಗ್ ಎಲ್ಲಿಂದ ತರುವುದು?
ಹುಡುಗರು ಟೀ ಕುಡಿದು, ಬೈದುಕೊಂಡು ಹೋದರು.
ಭಾಯ್ ಖಾಲಿ ಲೋಟಗಳನ್ನು ಎತ್ತಿಟ್ಟರು. ಆಮೇಲೆ ಹೇಳಿದರು…
"ಅವ್ನ್ ಬಾಲ್ ನಾನೇ ಆಡಿದ್ದೀನಿ ಮೇಷ್ಟ್ರೇ. ಕಣ್ಣಿಗೇ ಕಾಣ್ತಿರ್ಲಿಲ್ಲ. ಆದ್ರೆ ನಾನ್ ನೋಡಿದ್ದು ಆಧಾರ ಆಗಲ್ಲ ಕಣ್ರೀ."

ಭಾಯ್ ಕೂಡ ಒಂದು ಕಾಲದ ಆಟಗಾರರೇ.
ಇಪ್ಪತ್ತೆರಡರ ವಯಸ್ಸಿನಲ್ಲಿ ರಾಜ್ಯ ತಂಡದ ಹನ್ನೆರಡನೆಯವರಾಗಿದ್ದರು. ಮೈಸೂರಿನಲ್ಲಿ ಪಂದ್ಯ.
ಯಾರಿಗೋ ಕಾಲು ಹಿಡಿದುಕೊಂಡಿತು ಅಂತ ಅರ್ಧ ಗಂಟೆ ಫೀಲ್ಡಿಂಗಿಗೆ ಇಳಿದರು… ಒಂದು ಕ್ಯಾಚ್ ಹಿಡಿದರು.
ಬದಲಿ ಫೀಲ್ಡರ್ ಹಿಡಿದ ಕ್ಯಾಚಿಗೆ ಆ ಸ್ಕೋರ್ ಬುಕ್ಕಿನಲ್ಲಿ ಹೆಸರು ಬರೆದಿಲ್ಲ. ಬರೀ 'ಸಬ್' ಅಂತ ಬರೆದು ಮುಂದಕ್ಕೆ ಹೋಗಿದ್ದಾರೆ.
ಅಷ್ಟರಲ್ಲಿ ಅವರ ಅಬ್ಬಾ ಹಾಸಿಗೆ ಹಿಡಿದರು. ಇವರು ಅಂಗಡಿ ಹಿಡಿದರು.

ಅವರಿಗೆ ಗೊತ್ತಾಗದ ಹಾಗೆ ನಾನು ಅವರ ಹೆಸರಲ್ಲಿ ಒಂದು ಪುಟ ಬರೆದೆ. ಖುಷಿಯಾಗ್ತಾರೆ ಅಂದುಕೊಂಡೆ…
ಒಂದು ಗಂಟೆಯೊಳಗೆ, ಎಲ್ಲರೂ ನೋಡುವ ಜಾಗದಲ್ಲಿ, ಸ್ವತಃ ಅವರೇ ಬರೆದರು:
"ಈ ಆಟಗಾರ ಹನ್ನೊಂದರಲ್ಲಿ ಆಡಿಲ್ಲ. ಪುಟ ಬರೆದವರು ಇವರ ಸ್ನೇಹಿತರು. ಅಳಿಸಬೇಕು."
ಮಾರನೇ ದಿನ ಪುಟ ಹೋಯಿತು.
ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಫೋನ್ ಮಾಡಿ ಕೂಗಾಡಿದೆ. ಒಂದು ಪುಟ ಇದ್ದಿದ್ದರೆ ಯಾರ ಗಂಟು ಹೋಗ್ತಿತ್ತು ಅಂತ ಕೇಳಿದೆ.
"ಬೇಗೂರ್ ಹುಡುಗ್ರಿಗೆ ಏನಂತ ಮುಖ ತೋರ್ಸ್ಲಿ ಮೇಷ್ಟ್ರೇ?"
ಫೋನ್ ಕಟ್ ಮಾಡಿದೆ.
ಆವತ್ತಿನಿಂದ ಎರಡು ತಿಂಗಳು, ಇವತ್ತಿನವರೆಗೂ ಮಾತು ಬಿಟ್ಟಿದ್ದೆ.

ಭಾಯ್…
ನೀವು ಹೇಳಿದ್ದೇ ಸರಿ ಅಂತ ನನಗೆ ಆವತ್ತೇ ಗೊತ್ತಿತ್ತು.
ಗೊತ್ತಿದ್ದೂ ಬಿಂಕ ಮಾಡಿದೆ. ಹೋದ ವಾರ ನೀವು ಎರಡು ಸಲ ಕಾಲ್ ಮಾಡಿದಿರಿ. ಪರದೆ ಮೇಲೆ ನಿಮ್ಮ ಹೆಸರು ನೋಡಿಕೊಂಡೇ ಸುಮ್ಮನಿದ್ದೆ.
ಇನ್ನೂ ನಾಲ್ಕು ದಿನ ಕಾಯಲಿ ಬಿಡು ಅಂದುಕೊಂಡೆ… ನಿಮಗೆ ನಾಲ್ಕು ದಿನ ಇರಲಿಲ್ಲ.
ಕ್ಷಮಿಸಿ ಅಂತ ಈಗ ಯಾರಿಗೆ ಹೇಳಲಿ?

ಇವತ್ತು ಮನೆಯಲ್ಲಿ ಅವರ ಮಗಳು ಶಬಾನ ಒಂದು ಕಾಗದ ಕೈಗಿಟ್ಟಳು.
ನಾನು ಬರೆದ ಆ ಪುಟ! ಅಳಿಸುವ ಮೊದಲು ಪ್ರಿಂಟ್ ತೆಗೆಸಿಟ್ಟುಕೊಂಡಿದ್ದಾರೆ.
"ಅಬ್ಬಾ ಇದನ್ನ ದಿನಾ ಓದ್ತಿದ್ರು ಅಂಕಲ್," ಅಂದಳು.
ಮರಕ್ಕೆ ಗುರುತು ಹಾಕುವ ಪೆನ್ಸಿಲ್ಲಿನಲ್ಲಿ ತಿದ್ದಿದ್ದಾರೆ.
ಹುಟ್ಟಿದ್ದು ಹುಣಸೂರು ಅಂತ ಬರೆದಿದ್ದೆ… ಹೊಡೆದು, ಹನಗೋಡು ಅಂತ ಮಾಡಿದ್ದಾರೆ.
'ಅದ್ಭುತ ಕ್ಯಾಚ್' ಅಂತ ಬರೆದಿದ್ದೆ… ಅದ್ಭುತ ಅನ್ನುವುದಕ್ಕೆ ಗೀಟು.
ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: "ಸುಲಭದ ಕ್ಯಾಚು. ಮೇಷ್ಟ್ರಿಗೆ ಹೇಳಬೇಕು."

ಅಲ್ಲೇ ಅತ್ತುಬಿಟ್ಟೆ. ನಾಚಿಕೆ ಏನಿಲ್ಲ.

ವಿಶ್ವಕೋಶಕ್ಕೆ ಬರೆಯುವವರ ವಾಟ್ಸಾಪ್ ಗ್ರೂಪಿನಲ್ಲಿ ಆಗಲೇ ಮೆಸೇಜು ಶುರುವಾಗಿದೆ… ಭಾಯ್ ಹೆಸರಲ್ಲಿ ಮತ್ತೆ ಪುಟ ಮಾಡೋಣ, ಇದು ನಾವು ಕೊಡುವ ಗೌರವ ಅಂತ. ಪಿರಿಯಾಪಟ್ಟಣದ ಗೆಳೆಯರೊಬ್ಬರು ಅರ್ಧ ಬರೆದೂ ಆಗಿದೆಯಂತೆ.
ನಿಮ್ಮ ಪ್ರೀತಿ ಅರ್ಥವಾಗುತ್ತದೆ. ನನಗೂ ಆಸೆ ಇದೆ.
ಆದರೆ ಕೈ ಮುಗಿದು ಕೇಳುತ್ತೇನೆ… ಮಾಡಬೇಡಿ.
ಮಾಡಿದರೆ ಅದನ್ನು ಅಳಿಸಬೇಕಾದವನು ಇನ್ನು ನಾನೊಬ್ಬನೇ.
ಆ ಕೆಲಸ ನನ್ನ ಕೈಯಲ್ಲಿ ಮಾಡಿಸಬೇಡಿ.

ಹೋಗಿ ಬನ್ನಿ ಭಾಯ್…
ಆ ಮಣ್ಣು ನಿಮಗೆ ಹಗುರಾಗಲಿ. ನಿಮ್ಮ ಜೀವಕ್ಕೆ ನೆಮ್ಮದಿ ಸಿಗಲಿ.